ಎಡಗಡೆಯ ಕನ್ನಡಿ

ಕಂಪ್ಯೂಟರಿಗೆ ಮೂರು ಮಾನಿಟರ್ ಬೇಕೆಂದು ಮಾವ ಹೇಳಿದಾಗ ನಾನು ಮೊದಲು ಮಾಡಿದ್ದು ವಿರೋಧ. ಕಾಲೇಜಿನ ನಾಲ್ಕು ವರ್ಷವೂ ಚರ್ಚಾಸ್ಪರ್ಧೆಗೆ ಹೋದವಳಿಗೆ ಪ್ರತಿವಾದ ಮೊದಲು ಹೊಳೆಯುತ್ತದೆ. ಸ್ವಂತ ಅಭಿಪ್ರಾಯ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಪುತ್ತೂರಿನಿಂದ ಕಡಬಕ್ಕೆ ಹೋಗುವ ಖಾಸಗಿ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದವರು. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ವೈದ್ಯರು ಇನ್ನು ಬಸ್ ಬೇಡ ಎಂದರು. ಆ ನಂತರದ ಆರು ತಿಂಗಳು ಆಲಂಕಾರಿನ ಮನೆಯ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವ ಬಸ್ಸುಗಳ ಗೇರಿನ ಸದ್ದು ಕೇಳಿ ಅವುಗಳ ಡ್ರೈವರುಗಳನ್ನು ಬೈಯುವುದೇ ಅವರ ಕೆಲಸವಾಗಿತ್ತು. ಒಂದು ದಿನ ಯಾರದೋ ಮೊಬೈಲಿನಲ್ಲಿ ಬಸ್ ಓಡಿಸುವ ಗೇಮಿನ ವಿಡಿಯೋ ನೋಡಿದರು. ನಮ್ಮ ಕಡೆಯ ಬಸ್ಸುಗಳ ಬಣ್ಣ, ಹಾರ್ನ್ ಕೂಡ ಅದಕ್ಕೆ ಸೇರಿಸಬಹುದೆಂದು ತಿಳಿದದ್ದೇ ತಡ, ಸ್ಟಿಯರಿಂಗ್, ಪೆಡಲ್ ತರಿಸಿ ಸುಳ್ಯದಲ್ಲಿದ್ದ ನನಗೆ ಫೋನ್ ಮಾಡಿದರು.

“ಒಂದು ದೊಡ್ಡ ಫೋರ್‌ಕೆ ಮಾನಿಟರ್ ಸಾಕು ಮಾವ. ಮೂರು ಎಂತಕ್ಕೆ?”

“ಎಡಗಡೆ ಮಿರರ್ ನೋಡುದು ಹೇಗೆ?”

“ಒಂದು ಬಟನ್ ಒತ್ತಿದರೆ ಆ ಕಡೆ ತಿರುಗ್ತದೆ.”

“ಮಿರರ್ ನೋಡ್ಲಿಕ್ಕೆ ಬಟನ್ ಒತ್ತುವ ಡ್ರೈವರನ್ನು ನೀನು ಎಲ್ಲಿ ನೋಡಿದ್ದು ಮಾರಾಯ್ತಿ?”

ಆ ಸುತ್ತು ನಾನು ಸೋತೆ. ಮೂರು ಮಾನಿಟರ್ ಎಂದಾಯಿತು. ಉಳಿದದ್ದು ಅಷ್ಟನ್ನೂ ಚಿತ್ರದಿಂದ ತುಂಬಿಸುವ ಗ್ರಾಫಿಕ್ಸ್ ಕಾರ್ಡ್. ಅದರ ಆಯ್ಕೆ ನನಗೆ ಬಿಟ್ಟದ್ದು.

ಪುತ್ತೂರಿನ ಕಂಪ್ಯೂಟರ್ ಅಂಗಡಿಯವರು ಎರಡು ಕಾರ್ಡ್‌ಗಳನ್ನು ಮುಂದಿಟ್ಟರು. ಒಂದು ಮಧ್ಯಮದ್ದು, ಎಂಟು ಜಿಬಿ ಮೆಮೊರಿ. ಇನ್ನೊಂದಕ್ಕೆ ಹದಿನಾರು ಜಿಬಿ, ಮೂರು ಫ್ಯಾನು, ಇಟ್ಟಿಗೆಯಷ್ಟು ತೂಕ. ಅವರಿಗೆ ದೊಡ್ಡದನ್ನು ಮಾರುವ ಆಸೆಯಿತ್ತು. ಅಷ್ಟೇ ಸಾಕಾಯಿತು, ನಾನು ಚಿಕ್ಕದರ ಪರ ನಿಂತೆ. ನಮಗೆ ವಿರುದ್ಧವಾದ ಅಂಕಿಯನ್ನು ನಾವೇ ಮೊದಲು ಹೇಳಿ ಅದರ ಮೊನೆ ಮುರಿಯಬೇಕೆಂದು ಚರ್ಚೆಯಲ್ಲಿ ಕಲಿಸುತ್ತಾರೆ. ಒಂದು ಫೋರ್‌ಕೆ ಪರದೆಯಲ್ಲಿ ಸುಮಾರು ಎಂಬತ್ತಮೂರು ಲಕ್ಷ ಚುಕ್ಕಿಗಳಿದ್ದರೆ ಅದಕ್ಕಿಂತ ಚಿಕ್ಕವಾದ ನಮ್ಮ ಮೂರು ಪರದೆ ಸೇರಿ ಒಂದು ಕೋಟಿ ಹತ್ತು ಲಕ್ಷ ದಾಟುತ್ತದೆ, ಕಾರ್ಡಿಗೆ ಅಷ್ಟು ಹೆಚ್ಚು ಕೆಲಸ ಎಂದು ಒಪ್ಪಿಕೊಂಡೆ. ಆದರೆ ಇದು ಬಸ್, ರೇಸಿನ ಕಾರಲ್ಲ. ದೊಡ್ಡ ಕಾರ್ಡನ್ನು ಮನೆಯ ಇನ್ವರ್ಟರ್ ತಡೆದುಕೊಳ್ಳುವುದಿಲ್ಲ. ಮೇಲಾಗಿ, ಈ ಗೇಮಿನಲ್ಲಿ ಕಾರ್ಡಿಗೆ ಅತಿ ಭಾರ ಕನ್ನಡಿಗಳು. ಒಂದೊಂದು ಕನ್ನಡಿಗೂ ಹಿಂದಿನ ದೃಶ್ಯವನ್ನು ಬೇರೆಯಾಗಿ ಬಿಡಿಸಬೇಕು. ಅವುಗಳ ಗುಣಮಟ್ಟ ಇಳಿಸಿದರೆ ಚಿಕ್ಕ ಕಾರ್ಡೇ ಸಲೀಸಾಗಿ ಓಡುತ್ತದೆ, ಆಡುವವರೆಲ್ಲ ಹೇಳುವ ಉಪಾಯವೂ ಅದೇ.

“ಕನ್ನಡಿ ಗೇಮಿನಲ್ಲಿ ಬರೀ ಅಲಂಕಾರ,” ಎಂದು ಮುಗಿಸಿದೆ.

ಅಂಗಡಿಯವರು ಮಾವನ ಮುಖ ನೋಡಿದರು. ಮಾವ ಆ ಹೊತ್ತಿಗೆ ಕಾರ್ಡಿನ ಫ್ಯಾನನ್ನು ಬೆರಳಿನಿಂದ ತಿರುಗಿಸುತ್ತಿದ್ದರು. “ಅವಳು ಹೇಳಿದ ಹಾಗೆ ಮಾಡಿ. ಅವಳ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ,” ಎಂದರು. ಅಂಗಡಿಯವರು ಪವರ್ ಸಪ್ಲೈ ಮಾತ್ರ ದೊಡ್ಡದೇ ಇರಲಿ ಎಂದು ಹಟ ಹಿಡಿದು ಹಾಕಿಸಿದರು. ಅದನ್ನು ನಾನು ಸೋತವರ ಸಮಾಧಾನ ಎಂದುಕೊಂಡೆ.

ಮರುದಿನ ಆಲಂಕಾರಿನಲ್ಲಿ ಎಲ್ಲ ಜೋಡಿಸಿ, ಕನ್ನಡಿಗಳ ಗುಣಮಟ್ಟವನ್ನು ತಳಕ್ಕೆ ಇಳಿಸಿ, ಮಾವನನ್ನು ಕೂರಿಸಿದೆ. ಅವರು ಚಪ್ಪಲಿ ಬಿಚ್ಚಿ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಸ್ ಹೊರಟಿತು. ಚಿತ್ರ ನೀರಿನ ಹಾಗೆ ಹರಿಯಿತು. ನನ್ನ ವಾದ ಮೂರು ಪರದೆಗಳಲ್ಲಿ ಓಡುತ್ತಿದೆ ಎನಿಸಿತು.

ಮೊದಲ ಸ್ಟಾಪಿನಲ್ಲಿ ಬಸ್ ನಿಂತಿತು. ಹಿಂದಿನ ಬಾಗಿಲಿನಿಂದ ಜನ ಇಳಿಯಬೇಕು. ಮಾವ ಕುತ್ತಿಗೆ ತಿರುಗಿಸಿ ಎಡಗಡೆಯ ಪರದೆ ನೋಡಿದರು. ಕನ್ನಡಿಯಲ್ಲಿ ಬೂದುಬಣ್ಣದ ಮಸುಕು, ಅದರಲ್ಲಿ ಒಬ್ಬರೂ ಕಾಣುತ್ತಿರಲಿಲ್ಲ. ಗೇಮಿನ ಕಂಡಕ್ಟರ್ ಸೀಟಿ ಊದಿದ. ಮಾವ ಹೊರಡಲಿಲ್ಲ. ಇನ್ನೊಮ್ಮೆ ಊದಿದ.

“ಮಾವ, ರೈಟ್ ಆಯ್ತು.”

“ಇಳಿದ್ರಾ ಇಲ್ವಾ ಕಾಣುದಿಲ್ಲ.”

“ಸೀಟಿ ಹಾಕಿದನಲ್ಲ?”

“ಅವ ಸೀಟಿ ಹಾಕಿದ ಮೇಲೂ ನಾನು ಒಮ್ಮೆ ನೋಡುದು. ಇಪ್ಪತ್ತಾರು ವರ್ಷ ಹಾಗೇ.”

“ಇಲ್ಲಿ ಯಾರೂ ಬೀಳುದಿಲ್ಲ ಮಾವ. ಇದು ಗೇಮ್.”

“ಗೇಮ್ ಆದ್ರೆ ನೋಡದೆ ಹೋಗುದಾ?”

ಕನ್ನಡಿಯ ಗುಣಮಟ್ಟ ಏರಿಸಿದೆ. ಜನ ಕಂಡರು, ಆದರೆ ಬಸ್ ತಡವರಿಸತೊಡಗಿತು. ಮರ, ನೆರಳು, ಮೋಡ ಎಲ್ಲವನ್ನೂ ಇಳಿಸಿದರೂ ಸ್ಟಿಯರಿಂಗ್ ತಿರುಗಿಸಿದ ಎಷ್ಟೋ ಹೊತ್ತಿಗೆ ರಸ್ತೆ ತಿರುಗುತ್ತಿತ್ತು. “ಸ್ಟಿಯರಿಂಗಿನಲ್ಲಿ ಪ್ಲೇ ಉಂಟು, ಸಡಿಲ. ಇಂಥ ಬಸ್ ನಾನು ಶೆಡ್ಡಿನಿಂದ ಹೊರಗೆ ತೆಗೆಯುದಿಲ್ಲ,” ಎಂದು ಮಾವ ಎದ್ದರು. ಸಂಜೆ ನೋಡಿದರೆ ಮೂರೂ ಮಾನಿಟರ್‌ಗಳ ಮೇಲೆ ಬೆಡ್‌ಶೀಟ್ ಹೊದೆಸಿ, ಪುನಃ ಜಗಲಿಗೆ ಹೋಗಿ ಕೂತಿದ್ದರು. ಯಾರನ್ನೂ ಬೈಯುತ್ತಲೂ ಇರಲಿಲ್ಲ. ನನ್ನನ್ನು ಕೂಡ.

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಎರಡು ದಿನ ಕಳೆದು ಕಾರ್ಡನ್ನು ಪೆಟ್ಟಿಗೆಗೆ ಹಾಕಿಕೊಂಡು ಒಬ್ಬಳೇ ಪುತ್ತೂರಿಗೆ ಹೋದೆ.

“ಅವತ್ತು ದೊಡ್ಡ ಕಾರ್ಡ್ ಬೇಡ ಅಂತ ಹೇಳಿದ್ದು ನೀವೇ ಅಲ್ವಾ?” ಎಂದರು ಅಂಗಡಿಯವರು.

“ಹೌದು.”

“ಕನ್ನಡಿ ಅಲಂಕಾರ ಅಂತ?”

“ಅದೂ ನಾನೇ.”

“ಮತ್ತೆ ನಾನು ಈಗ ಎಂತ ಹೇಳುದು?”

ಚೀಟಿ ಎತ್ತಿ ಬಂದ ಪಕ್ಷವನ್ನು ವಾದಿಸುವುದು ನನಗೆ ಅಭ್ಯಾಸ. ಅದೇ ಬಾಯಲ್ಲಿ ಎದುರು ಪಕ್ಷವನ್ನೂ ವಾದಿಸಬಲ್ಲೆ. ಆದರೆ ಅಲ್ಲಿ ವಾದ ಬರಲಿಲ್ಲ. ಸ್ಟಾಪಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ನಾನು ತಂದ ಪೆಟ್ಟಿಗೆ ತೆರೆದು ಕಾರ್ಡನ್ನು ತಿರುಗಿಸಿ ನೋಡಿದರು.

“ಕಡಬಕ್ಕೆ ನಾನು ಎಷ್ಟು ಮಾನಿಟರ್ ನಿಮ್ಮ ಮಾವನ ಬಸ್ಸಿನಲ್ಲಿ ಕಳಿಸಿದ್ದೇನೆ ಗೊತ್ತುಂಟಾ? ಎಲ್ಲ ಅವರ ಸೀಟಿನ ಹಿಂದೆ. ಒಂದೂ ಒಡೆದದ್ದಿಲ್ಲ,” ಎಂದರು. “ತೆರೆದ ಕಾರ್ಡನ್ನು ನಾನು ವಾಪಸು ತಗೊಳ್ಳುದಿಲ್ಲ. ಇದನ್ನು ತಗೊಳ್ತೇನೆ. ಅವತ್ತು ತೋರಿಸಿದ ದೊಡ್ಡದು ಮಾರಿ ಹೋಯ್ತು, ಇನ್ನೊಂದು ಮಂಗಳೂರಿನಿಂದ ಬರಬೇಕು. ನಾಡಿದ್ದು ಬಸ್ಸಿನಲ್ಲಿ ಹಾಕ್ತೇನೆ.”

ಮನೆಗೆ ಬಂದು ಮಾವನಿಗೆ ಇನ್ವರ್ಟರಿನ ವಿಷಯ ನೆನಪಿಸಿದೆ. “ಕರೆಂಟ್ ಹೋದ್ರೆ ಬಸ್ ಬ್ರೇಕ್‌ಡೌನ್ ಅಂತ ಲೆಕ್ಕ. ಇಳಿದು ಚಾ ಕುಡಿಯುದು,” ಎಂದರು. ನನ್ನ ಅತಿ ಗಟ್ಟಿ ವಾದ ಅಷ್ಟಕ್ಕೇ ಮುಗಿಯಿತು.

ಅಂಗಡಿಯವರು ಹೇಳಿದ ದಿನ ಬೆಳಿಗ್ಗೆ ಆಲಂಕಾರಿನ ಸ್ಟಾಪಿನಲ್ಲಿ ಇಬ್ಬರೂ ನಿಂತಿದ್ದೆವು. ಮಾವನ ಹಳೆಯ ಬಸ್ಸೇ ಬಂತು. ಕಂಡಕ್ಟರ್ ಮುಂದಿನ ಬಾಗಿಲಿನಿಂದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟ. “ಎಂತ ಮಾರಾಯ್ರೆ, ಎಂಜಿನಾ?” ಎಂದ. “ಎಂಜಿನೇ,” ಎಂದರು ಮಾವ. ನಾನು ಬಸ್ಸಿಗೆ ತಾಗಿಕೊಂಡೇ ನಿಂತಿದ್ದೆ. ಮಾವ ನನ್ನ ತೋಳು ಹಿಡಿದು ನಾಲ್ಕು ಹೆಜ್ಜೆ ಆಚೆಗೆ, ಕನ್ನಡಿಯಲ್ಲಿ ಕಾಣುವ ಜಾಗಕ್ಕೆ ಎಳೆದರು. ಕಂಡಕ್ಟರ್ ಸೀಟಿ ಊದಿದ. ಬಸ್ ಒಂದು ಕ್ಷಣ ತಡೆದು, ಆಮೇಲೆ ಹೊರಟಿತು.

ಮಧ್ಯಾಹ್ನದೊಳಗೆ ಕಾರ್ಡ್ ಕೂತಿತು. ಅಂಗಡಿಯವರು ಹಟ ಹಿಡಿದು ಹಾಕಿಸಿದ್ದ ಪವರ್ ಸಪ್ಲೈ ಅದಕ್ಕೂ ಸಾಕಾಯಿತು. ಬೆಡ್‌ಶೀಟ್ ತೆಗೆದೆವು. ಮೊದಲ ಸ್ಟಾಪಿನಲ್ಲಿ ಮಾವ ಎಡಕ್ಕೆ ತಿರುಗಿದರು. ಚೀಲ ಹಿಡಿದ ಒಬ್ಬ ಹೆಂಗಸು ಕನ್ನಡಿಯಲ್ಲಿ ನಿಧಾನವಾಗಿ ಇಳಿದು, ಬದಿಗೆ ಸರಿದಳು. ಸೀಟಿ ಬಿತ್ತು. ಮಾವ ಇನ್ನೊಮ್ಮೆ ನೋಡಿ ಮೊದಲ ಗೇರಿಗೆ ಹಾಕಿದರು.