ಹಲ್ಲಕ್ಕ ನೆಲಕ್ಕೆ ಕಾಲೂರುವುದಿಲ್ಲ

ನೆಲಕ್ಕೂ ಹಲ್ಲಕ್ಕನಿಗೂ ಮಾತುಕತೆ ಇಲ್ಲ. ಹೆದ್ದಾರಿಯಲ್ಲಿ ಪಂಕ್ಚರ್ ಹಾಕುವವನಿಂದ ಹಿಡಿದು ಬಸ್ ಡ್ರೈವರುಗಳವರೆಗೆ ಎಲ್ಲರೂ ಬಲ್ಲ ಸಂಗತಿ ಇದು. ವಾಹನಗಳು ಎಷ್ಟೇ ಕಿಕ್ಕಿರಿದಿರಲಿ, ಆಕೆ ತನ್ನ ಆನೆಯಂಥ ಮೋಟಾರ್‌ಸೈಕಲ್ಲಿನ ಮೇಲೆ ಇರುವೆಯ ವೇಗದಲ್ಲಿ ಬಳುಕುತ್ತ ಹೋಗುತ್ತಾಳೆಯೇ ಹೊರತು ಕಾಲು ಕೆಳಗಿಡುವುದಿಲ್ಲ. ಪೆಟ್ರೋಲ್ ಬಂಕಿನಲ್ಲೂ ಅಷ್ಟೆ, ಪಾದ ಇಳಿಯುವುದು ಪಂಪಿನ ಕಟ್ಟೆಯ ಮೇಲೆ, ಮಹಾರಾಣಿಯದು ಪೀಠದ ಮೇಲಿಳಿದಂತೆ. ಸೊಕ್ಕು ಎಂದಳು ಓರಗಿತ್ತಿ. ಕಾಲೂರಿದರೆ ಡಾಂಬರು ಬಿರಿಯುತ್ತದೆ ಎಂದು ಪಂಕ್ಚರಿನವನು ಆಣೆಯಿಟ್ಟು ಹೇಳುತ್ತಿದ್ದ.

ಆಕೆಯ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಕಿಟಕಿಯ ಪಕ್ಕದ ಮೇಜು, ಗುಲಾಬಿ ಬಣ್ಣದ ಪುಡಿ, ಗಿರಗಿರ ತಿರುಗುವ ಪಾಲಿಶ್ ಚಕ್ರ, ಸಾಲಾಗಿ ಬಾಯಿ ತೆರೆದು ಕೂತ ಸುಣ್ಣದ ಅಚ್ಚುಗಳು. ಮೋಟಾರ್‌ಸೈಕಲ್ಲು ಹಡಗಿನಲ್ಲಿ ದುಡಿಯುವ, ಏಣಿಯಷ್ಟು ಎತ್ತರದ ಗಂಡನದು. ಅವನು ಊರೂರು ಸುತ್ತಲೆಂದು ಕಟ್ಟಿಸಿದ ಪಕ್ಕದ ಪೆಟ್ಟಿಗೆಗಳಲ್ಲಿ ಈಗ ಊರೂರ ಹಲ್ಲುಗಳು ಸುತ್ತುತ್ತವೆ.

ಅವತ್ತು ಆಕೆಯ ಸೋದರಮಾವ ನಿವೃತ್ತಿಯಾಗುವ ದಿನ. ರೈಲು ನಿಲ್ದಾಣದ ಅನೌನ್ಸರ್. ತಾನು ಮಾಡದ ತಡಕ್ಕೆ ಜೀವಮಾನವಿಡೀ ಕ್ಷಮೆ ಕೇಳಿದ ಮನುಷ್ಯ. ಸಂಜೆಯ ಗಾಡಿಯದು ಅವರ ಕೊನೆಯ ಘೋಷಣೆ. ಬೆಳಿಗ್ಗೆ ಬಚ್ಚಲಲ್ಲಿ ಅದನ್ನೇ ಅಭ್ಯಾಸ ಮಾಡುವಾಗ ಸೆಟ್ಟು ಜಾರಿ ಎರಡು ಹೋಳಾಯಿತು. ಹೋಳುಗಳನ್ನು ಬಸ್ ಕಂಡಕ್ಟರನ ಕೈಲಿ ಕಳಿಸಿ ಬೊಚ್ಚುಬಾಯಲ್ಲೇ ಫೋನು ಮಾಡಿದರು.

"ಫಂಜೆ ಒಳಗೆ ಹಲ್ಲು ಬೇಕಮ್ಮ. ಇಲ್ಲಾಂದ್ರೆ ಆ ರೆಕಾರ್ಡ್ ಮಾಡಿರೋ ಹೆಂಗಫಿನ ಧ್ವನಿ ಹಾಕ್ತಾರಂತೆ."

"ಆ ಮೂದೇವಿಗೆ ಬಾಯಿ ಬಿಡೋಕೆ ಬಿಡಲ್ಲ, ಇರಿ ಮಾವ," ಎಂದಳು ಹಲ್ಲಕ್ಕ.

ಹೋಳು ಅಂಟಿ, ಒಣಗಿ, ಹೊಳಪೇರಿ ಡಬ್ಬಿ ಸೇರಿತು. ಆದರೆ ಹೆದ್ದಾರಿ ಮಾತ್ರ ಗಂಟಲಲ್ಲಿ ತುತ್ತು ಸಿಕ್ಕವರಂತೆ ಕೂತಿತ್ತು. ಮುಂದೆ ಬಸ್ಸು, ಹಿಂದೆ ಟ್ಯಾಂಕರು, ಬಲಕ್ಕೆ ಹಾರ್ನಿನಿಂದಲೇ ರಸ್ತೆ ಅಗಲವಾಗುತ್ತದೆಂದು ನಂಬಿದ ಕಾರುಗಳು. ಹಲ್ಲಕ್ಕ ಅರ್ಧ ಕ್ಲಚ್ಚು ಹಿಡಿದು, ಹಿಂದಿನ ಬ್ರೇಕನ್ನು ಮಗುವಿನ ಕೆನ್ನೆ ತಟ್ಟಿದಂತೆ ಒತ್ತುತ್ತ ನುಸುಳಿದಳು. ಕೊನೆಗೆ ಬಸ್ಸು ಪೂರ್ತಿ ನಿಂತೇಬಿಟ್ಟಿತು. ಗಾಡಿ ಎಡಕ್ಕೆ ವಾಲಿತು. ಆಕೆ ಕೈಚಾಚಿ ಪಕ್ಕದ ಲಾರಿಯ ಸರಪಳಿಯನ್ನು ಗಬಕ್ಕನೆ ಹಿಡಿದಳು.

ಲಾರಿ ಡ್ರೈವರ್ ತಲೆ ಹೊರಹಾಕಿದ. "ಏನಕ್ಕಾ, ಗಾಡಿ ಕೆಡ್ತಾ?"

"ಇಲ್ಲಣ್ಣ. ಲಾರಿ ಚೆನ್ನಾಗಿ ಇಟ್ಕೊಂಡಿದೀರಿ, ಮುಟ್ಟಿ ನೋಡ್ತಿದೀನಿ."

ಅವನ ಮುಖ ಅರಳಿತು. "ನನ್ನ ಹೆಂಡ್ತಿ ಇವತ್ತಿಗೂ ಒಂದು ಮಾತು ಹಾಗಂದಿಲ್ಲ ಕಣಕ್ಕಾ! ಎಲ್ಲಿಗೆ ಇಷ್ಟು ಅವಸರ?"

"ಮಾವನ ಹಲ್ಲು ನನ್ನ ಹತ್ರ ಇದೆ. ಅವರು ಸ್ಟೇಷನ್‌ನಲ್ಲಿದಾರೆ."

ಹೆಚ್ಚು ಕೇಳದೆ ಅವನು ಲಾರಿಯನ್ನು ಮೊಳದಷ್ಟು ಹಿಂದಕ್ಕೆ ಸರಿಸಿದ. ಹಿಂದಿನ ಕಾರುಗಳು ಅವನ ವಂಶವನ್ನೇ ಜಾಲಾಡಿದವು. ಆ ಸಂದಿಯಲ್ಲಿ ಹಲ್ಲಕ್ಕ ಗಾಡಿಯನ್ನು ರಸ್ತೆಬದಿಯ ಮಣ್ಣಿಗೆ ಇಳಿಸಿ ಧೂಳೆಬ್ಬಿಸಿ ಮಾಯವಾದಳು.

ಘೋಷಣೆಯ ಕೋಣೆಯ ಕಿಟಕಿ ನಿಲ್ದಾಣದ ಅಂಗಳಕ್ಕೇ ತೆರೆಯುತ್ತದೆ. ಮಾವ ಸರಳು ಹಿಡಿದು ಬಾಯಿ ಮುಚ್ಚಿ ನಿಂತಿದ್ದರು. ಹಲ್ಲಕ್ಕ ಗಾಡಿಯ ಮೇಲಿಂದಲೇ ಡಬ್ಬಿ ತೂರಿಸಿ, ತಾನೂ ಒಂದು ಸರಳು ಹಿಡಿದಳು. ಕಟಕ್ ಎಂದು ಹಲ್ಲು ಕೂತಿತು. ಮೈಕು ಗೊರಗುಟ್ಟಿತು.

"ಪ್ರಯಾಣಿಕರ ಗಮನಕ್ಕೆ. ಸಂಜೆಯ ಗಾಡಿ ಸರಿಯಾದ ಸಮಯಕ್ಕೆ ಬರುತ್ತಿದೆ." ಬಾಯಿ ಅಭ್ಯಾಸ ಬಿಡಲಿಲ್ಲ. "ಇದಕ್ಕಾಗಿ ವಿಷಾದಿಸುತ್ತೇವೆ."

ಪ್ಲಾಟ್‌ಫಾರಂ ಘೊಳ್ಳೆಂದಿತು. ಹಮಾಲರು ಸೀಟಿ ಹೊಡೆದರು. ಮಾವ ಕಣ್ಣೊರೆಸಿಕೊಂಡು ಕಿಟಕಿಗೆ ಬಂದರು.

"ಎಲ್ಲರೂ ಅನ್ನೋದು ನಿಜ ಕಣಮ್ಮ, ಈ ಭೂಮಿ ನಿನ್ನ ಕಾಲಿಗೆ ಸಾಟಿಯಲ್ಲ! ಇವತ್ತಾದ್ರೂ ಇಳಿದು ಒಳಗೆ ಬಾ. ಏನು ಹಟ ನಿಂದು?"

ಸರಳು ಬಿಡದೆ ಹಲ್ಲಕ್ಕ ಹೇಳಿದಳು: "ಕಾಲು ಎಟುಕಲ್ಲ ಮಾವ. ಒಂದು ಸ್ಟೂಲ್ ಕಳಿಸಿ."