ಮೂವರು ಆಕಾಶದಿಂದ ಇಳಿದ ಹೊತ್ತು

ಗಾಳಿ, ಸೋಂಕು, ದೆವ್ವದ ಮಾತು ಬಂದರೆ ನಾನು ಎದ್ದು ಹೋಗುವವನು. ಬಾವಿ ತೋಡುವ ಕೆಲಸದಲ್ಲಿ ಅರ್ಧ ಆಯಸ್ಸು ಕಳೆದಿದ್ದೇನೆ. ಬಾವಿಯೊಳಗೆ ಯಾರೋ ಕರೆದರು, ಯಾರೋ ಅತ್ತರು ಎಂದು ಜೊತೆಯವರು ಹೇಳಿದಾಗಲೆಲ್ಲ, ಅದು ಕಲ್ಲಿಗೆ ಬಡಿದು ವಾಪಸ್ಸು ಬರುವ ನಿಮ್ಮದೇ ದನಿ ಎಂದು ನಕ್ಕಿದ್ದೇನೆ. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಒಂದು ದಿನದ ಸಂಗತಿ ಮಾತ್ರ ನನ್ನ ತಲೆಗೆ ಹತ್ತಿಲ್ಲ. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಹೆಚ್ಚು ಓದಿದವರಿಗಾದರೂ ತಿಳಿದೀತೆಂದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಟ್ಟರೆ ಮಿಕ್ಕಿದ್ದನ್ನು ಹೇಳಲು ಬರುವುದಿಲ್ಲ.

ನಮ್ಮದು ಕುರಿ ಕಾಯುವವರ ಮನೆ. ನಾನು ಮತ್ತು ನನ್ನ ತಮ್ಮ ಜುಂಜ ಕುರಿ ಬಿಟ್ಟು ಬಾವಿ ಕೆಲಸ ಹಿಡಿದೆವು. ಮಧುಗಿರಿಯಿಂದ ಪಾವಗಡದವರೆಗೆ ಎಲ್ಲಿ ಅಗೆದರೂ ನಾಲ್ಕಾಳುದ್ದಕ್ಕೆ ಬಂಡೆ ಸಿಗುತ್ತದೆ. ಅದನ್ನು ಮದ್ದಿಟ್ಟು ಸಿಡಿಸಬೇಕು. ಜುಂಜ ಬುಟ್ಟಿಯಲ್ಲಿ ಕೂತು ಇಳಿಯುತ್ತಿದ್ದ. ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚುತ್ತಿದ್ದ. ಹಚ್ಚಿದ ಕೂಡಲೇ ಮತ್ತೆ ಬುಟ್ಟಿಯೊಳಗೆ ಕೂರುತ್ತಿದ್ದ. ನಾನು ಮೇಲೆ ರಾಟೆ ತಿರುಗಿಸಿ ಅವನನ್ನು ಎಳೆದುಕೊಳ್ಳುತ್ತಿದ್ದೆ. ಬತ್ತಿ ಉರಿದು ಮುಗಿಯುವುದರೊಳಗೆ ಅವನು ಮೇಲೆ ಬಂದಿರಬೇಕು.

ಈ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಹಗ್ಗ ಹಿಡಿಯುವವನು ಇಳಿಯುವವನ ಒಡಹುಟ್ಟಿದವನೋ ಹೆಂಡತಿಯ ಅಣ್ಣತಮ್ಮನೋ ಆಗಿರಬೇಕು, ಹೊರಗಿನವನು ಕೂಡದು. ಬತ್ತಿ ಹಚ್ಚುವ ಮೊದಲು ಕೆಳಗಿನವನು "ಹಗ್ಗಾ?" ಎಂದು ಮೂರು ಸಲ ಕೂಗುತ್ತಾನೆ. ಮೇಲಿನವನು ಮೂರು ಸಲವೂ "ಐತೆ" ಎನ್ನಬೇಕು. ಒಂದು ಸಲ ತಪ್ಪಿದರೂ ಬೆಂಕಿಕಡ್ಡಿ ಗೀರುವಂತಿಲ್ಲ.

ನಮ್ಮ ದೇಶದವನೊಬ್ಬ ರಷ್ಯಾದವರ ಜೊತೆ ಆಕಾಶಕ್ಕೆ ಹೋದ ಬೇಸಿಗೆ ಅದು. ಐ.ಡಿ.ಹಳ್ಳಿಯ ಹತ್ತಿರ ರುದ್ರಪ್ಪನವರು ಎಂಬ ಯಜಮಾನರ ಹಳೆಯ ಬಾವಿಯನ್ನು ಆಳ ಮಾಡುತ್ತಿದ್ದೆವು. ಬಾವಿಯಿಂದ ಕೂಗಳತೆ ದೂರದ ಹುಣಸೆಮರದ ಕೆಳಗೆ ಅವರು ರೇಡಿಯೋ ಇಟ್ಟುಕೊಂಡು ಕೂರುತ್ತಿದ್ದರು. ಶಾಲೆಗೆ ರಜೆಯಿದ್ದುದರಿಂದ ಊರಿನ ಮೇಷ್ಟರೂ ಅಲ್ಲಿಗೆ ಬರುತ್ತಿದ್ದರು. ಆಕಾಶದಲ್ಲೊಂದು ಮನೆಯಂಥದ್ದು ಭೂಮಿಯನ್ನು ಸುತ್ತುತ್ತಿದೆ, ನಮ್ಮವನು ಒಂದು ವಾರ ಅದರಲ್ಲಿದ್ದು ಈ ದಿನ ಇಳಿಯುತ್ತಾನೆ ಎಂದು ಅವರು ಹೇಳಿದ್ದರು. ಜುಂಜನಿಗೆ ಆ ಸುದ್ದಿಯೆಂದರೆ ಹುಚ್ಚು. ಮಧ್ಯಾಹ್ನ ಮುದ್ದೆ ಉಣ್ಣುವಾಗ ಮೇಷ್ಟರನ್ನೇ ಹಿಡಿದುಕೊಂಡ.

"ಹೋಗೋದು ಬುಡಿ ಸಾ, ಬಾಣ ಬುಟ್ಟಂಗೆ ಹೋಯ್ತದೆ. ಇಳಿಯೋದು ಹೆಂಗೆ? ಅಲ್ಲಿ ಹಗ್ಗ ಹಿಡಿಯೋಕೆ ಅವ್ರಣ್ಣ ಅವ್ನಾ?"

ಮೇಷ್ಟರು ನಕ್ಕರು. "ಹಗ್ಗ ಇಲ್ಲ ಕಣಯ್ಯ. ಸಾಯಂಕಾಲ ಬಾ, ಎಲ್ಲಾ ಹೇಳ್ತೀನಿ."

"ಹಗ್ಗ ಇಲ್ದಂಗೆ ನಾನಂತೂ ಒಲ್ಲೆ," ಎಂದು ಜುಂಜ ಕೈ ತೊಳೆದ. ಬುಟ್ಟಿಯಲ್ಲಿ ಕೂತು ಇಳಿಯುವಾಗ ನನ್ನ ಕಡೆ ನೋಡಿ, "ರೇಡಿಯೋದಾಗೆ ಏನಾರಾ ಬಂದ್ರೆ ಕೂಗಿ ಹೇಳಣ್ಣ, ಇಲ್ಲಿಗೇ ಕೇಳಿಸ್ತದೆ," ಎಂದ.

ಇಳಿಹೊತ್ತಿಗೆ ಹುಣಸೆಮರದ ಕೆಳಗೆ ಹತ್ತಾರು ಜನ ಸೇರಿದರು. ಬಾವಿಯ ಹತ್ತಿರ ಕಲ್ಲು ಹೊರುತ್ತಿದ್ದ ಆಳುಗಳೂ ಅತ್ತ ಹೋದರು. ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಕುಳಿ ಮುಗಿಯಲು ಇನ್ನೂ ಅರ್ಧ ಗಂಟೆ ಬೇಕೆಂದು ಅಂದಾಜು ಮಾಡಿಕೊಂಡೆ. ತಮ್ಮನಿಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ "ಹೋಗಿ ಬಾ" ಎನ್ನುತ್ತಿದ್ದ, ಕೆಲಸ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದ. ಅಷ್ಟು ಹೊತ್ತು ಕೆಲಸ ನಿಲ್ಲಬಾರದು ಎಂಬುದು ನನ್ನ ಯೋಚನೆ. ಹೇಳದೆ ಎದ್ದು ಹೋದೆ. ನಾನು ಮಾಡಿದ್ದು ಇದು.

ರೇಡಿಯೋದಲ್ಲಿ ಹಾಡು ಬರುತ್ತಿತ್ತು, ಸುದ್ದಿ ಬಂದಿರಲಿಲ್ಲ. ಮೇಷ್ಟರು ಒಂದು ಹುಣಸೆಕಾಯಿಯನ್ನು ಕೈಯಲ್ಲಿ ಹಿಡಿದು ವಿವರಿಸುತ್ತಿದ್ದರು. ಆ ಮನೆಯಿಂದ ಮೂರು ಜನ ಒಂದು ಸಣ್ಣ ಗೂಡಿನೊಳಗೆ ಕೂತು ಬೇರೆಯಾಗುತ್ತಾರಂತೆ. ಓಡುತ್ತಿರುವ ದಿಕ್ಕಿಗೆ ಎದುರಾಗಿ ಎಂಜಿನ್ ಉರಿಸಿ ವೇಗ ತಗ್ಗಿಸುತ್ತಾರಂತೆ. ವೇಗ ತಗ್ಗಿದರೆ ಸಾಕು, ಭೂಮಿಯೇ ಎಳೆದುಕೊಳ್ಳುತ್ತದೆ. ಗಾಳಿಗೆ ಉಜ್ಜಿ ಗೂಡಿನ ಹೊರಮೈ ಕೆಂಡವಾಗುತ್ತದೆ, ಒಳಗಿನವರಿಗೆ ತಾಗದಂತೆ ಮೇಲೊಂದು ಹೊದಿಕೆ ಇರುತ್ತದೆ, ಅದು ತಾನೇ ಸುಟ್ಟುಹೋಗಿ ಅವರನ್ನು ಉಳಿಸುತ್ತದೆ. ಕೊನೆಗೆ ದೊಡ್ಡದೊಂದು ಛತ್ರಿ ಬಿಚ್ಚಿಕೊಳ್ಳುತ್ತದೆ. ನೆಲ ಮುಟ್ಟುವ ಗಳಿಗೆಯಲ್ಲಿ ಕೆಳಗಿನಿಂದ ಬೆಂಕಿ ಉಗುಳಿ ಪೆಟ್ಟು ಕಡಿಮೆ ಮಾಡಿಕೊಳ್ಳುತ್ತದೆ.

"ಆ ಬೆಂಕಿಯೊಳಗೆ ಬರುವಾಗ ಕೆಲವು ನಿಮಿಷ ಅವರ ಮಾತು ಯಾರಿಗೂ ಕೇಳಿಸಲ್ಲ," ಎಂದರು ಮೇಷ್ಟರು. "ಕೆಳಗಿನವರು ಕರೀತಾನೇ ಇರ್ತಾರೆ. ಉತ್ತರ ಬರಲ್ಲ."

ಆ ಮಾತು ಕೇಳಿ, ಎಂದೂ ನೋಡದ ಮೂವರು ಉತ್ತರ ಕೊಡಲೆಂದು ನಾನು ರೇಡಿಯೋದ ಹತ್ತಿರಕ್ಕೆ ಜರುಗಿ ಕೂತೆ.

ಆಗ ಬಾವಿ ಸಿಡಿಯಿತು.

ನೆಲ ಅದುರಿತು, ಮರದಿಂದ ಕಾಗೆಗಳು ಎದ್ದವು. ಯಾರಿಗೂ ಅದು ವಿಶೇಷವಲ್ಲ, ದಿನವೂ ಕೇಳುವ ಸದ್ದು. ನಾನು ಮಾತ್ರ ಎದ್ದು ಬಾವಿಯ ಕಡೆ ಓಡಿದೆ. ತಾಯಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಬಾವಿಯ ಮೇಲೆ ಹೊಗೆ ಏಳುತ್ತಿತ್ತು. ಕಲ್ಲುಗುಡ್ಡೆಯ ಹಿಂದಿನಿಂದ ಜುಂಜ ತಲೆ ಕೊಡವುತ್ತ ಎದ್ದು ಬಂದ. ಮೈಮೇಲೆ ಒಂದು ಗೀರಿಲ್ಲ.

"ಯಾಕಣ್ಣ ಇಂಗೆ ಓಡ್ಬತ್ತಿದ್ದೀಯಾ? ಇವತ್ತು ಬೋ ಪಸಂದಾಗಿ ಎಳೆದೆ ಕಣಣ್ಣ. ಬುಟ್ಟಿ ಒಂದ್ಕಿತಾನೂ ಗೋಡೆಗೆ ತಾಕ್ಲಿಲ್ಲ."

ಮೈಮೇಲಿನ ಧೂಳು ಕೊಡವಿಕೊಂಡು ಅವನೇ ಮತ್ತೆ ಕೇಳಿದ.

"'ಇಳಿದ್ರು ಕಣ್ಲಾ' ಅಂದ್ಯಲ್ಲ ಎಳೀತಾ ಎಳೀತಾ. ಮೂರೂ ಜನಾನೂ ಚೆಂದಾಗವ್ರಂತಾ?"

ಇದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಅವನು ಹಾಗೆ ಕೇಳಿದಾಗ, ಆ ಮೂವರು ಇಳಿದದ್ದು ನನಗೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರುದ್ರಪ್ಪನವರು ಟವೆಲ್ ಬೀಸುತ್ತ, "ಇಳಿದ್ರಂತೆ ಕಣ್ರಯ್ಯಾ, ಈಗ ಹೇಳಿದ್ರು," ಎಂದು ಕೂಗಿಕೊಂಡು ಬಂದರು.

ಹಗ್ಗ ಎಳೆದವನನ್ನು ಜುಂಜ ಮುಖ ಕೊಟ್ಟು ನೋಡಿರಲಿಲ್ಲ. ಕೆಳಗಿನಿಂದ ನೋಡಿದರೆ ಬಿಸಿಲಿಗೆ ಎದುರಾಗಿ ಕಪ್ಪನೆಯ ಆಕಾರ ಮಾತ್ರ ಕಾಣುತ್ತದೆ. ಮೇಲೆ ಬಂದವನು ತಲೆ ತಗ್ಗಿಸಿ ಕಲ್ಲುಗುಡ್ಡೆಗೆ ಓಡುತ್ತಾನೆ, ಹಗ್ಗದವನು ಇನ್ನೊಂದು ಕಡೆ ಓಡುತ್ತಾನೆ. ಹಾಗಾಗಿ ಅವನಿಗೆ ಅನುಮಾನ ಬರಲಿಲ್ಲ. ನಾನು ಆಳುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಸುಳಿವು ಕೊಡದೆ ಕೇಳಿದೆ. ಎಲ್ಲರೂ ಮರದ ಕೆಳಗೆ ನನ್ನ ಜೊತೆಗೇ ಇದ್ದರು. ರಾಟೆಯ ಹತ್ತಿರ ಹೋಗಿ ನೋಡಿದೆ. ಎಳೆದು ಮುಗಿದ ಮೇಲೆ ಹಿಡಿಕೆ ತಿರುಗದಂತೆ ಹಾರೆ ಸಿಕ್ಕಿಸುವುದು ವಾಡಿಕೆ. ಎಲ್ಲರೂ ಬಲಗಡೆಯಿಂದ ಸಿಕ್ಕಿಸುತ್ತಾರೆ. ನಾನು ಎಡಚ, ಎಡಗಡೆಯಿಂದ ಸಿಕ್ಕಿಸುತ್ತೇನೆ. ಹಾರೆ ಎಡಗಡೆಯಿಂದ ಸಿಕ್ಕಿಸಿತ್ತು.

ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಆ ರಾತ್ರಿ ತಾಯಿಯ ಎದುರು ಜುಂಜ ನನ್ನನ್ನು ಹೊಗಳಿದ, ನಾನು ಸುಮ್ಮನೆ ಉಂಡೆ. ಮೂರು ವರ್ಷ ಹೋದ ಕಡೆಯೆಲ್ಲ ಹೊಗಳಿದ. ಕೊರಟಗೆರೆಯ ಕಡೆಯಿಂದ ಹೆಣ್ಣು ತಂದಾಗ ಅವಳಿಗೂ, "ನಮ್ಮಣ್ಣ ಹಗ್ಗ ಹಿಡಿದ್ರೆ ಯಮ ಬಂದ್ರೂ ಬರಿಗೈಲಿ ಹೋಗ್ಬೇಕು ಕಣಮ್ಮಿ," ಎಂದ. ಆ ಹುಡುಗಿ ನಂಬಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ವಳ್ಳೂರಿನಲ್ಲಿ ಬಾವಿ ಕೆಲಸ ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಅವನು ಬುಟ್ಟಿಗೆ ಕಾಲಿಡುವ ಮೊದಲು ಎಲ್ಲವನ್ನೂ ಹೇಳಿಬಿಟ್ಟೆ.

ಅವನು ಪೂರ್ತಿ ಕೇಳಿಸಿಕೊಂಡ. ಕೂಗಾಡಲಿಲ್ಲ.

"ಅಂಗಾರೆ ಮೂರು ಕಿತ ಐತೆ ಅಂದೋರ್ಯಾರು?"

"ಗೊತ್ತಿಲ್ಲ ಕಣ್ಲಾ."

"ನಿನ್ ದನೀನೇ ಕಣಣ್ಣ. ನಂಗೊತ್ತಿಲ್ವಾ ನಿನ್ ದನಿ?"

"ನಾನಲ್ಲ ಕಣ್ಲಾ ಜುಂಜ. ನಾನು ಮರದ ತಾವ ಇದ್ದೆ."

ಅವನು ಬುಟ್ಟಿಯ ಅಂಚನ್ನು ಹಿಡಿದು ನಿಂತಿದ್ದ. "ಎದ್ದು ಹೋಗಿದ್ದು ಹೋಗ್ಲಿ. ಯಾರೋ ಉಳಿಸವ್ರೆ, ನೀನು ಮೂರೊರ್ಸ ನನ್ ಕೈಲಿ ಹೊಗಳಿಸ್ಕಂಡಲ್ಲ," ಎಂದ. ಆ ದಿನ ಬಾವಿಗೆ ಇಳಿಯಲಿಲ್ಲ.

ಮಾರನೆಯ ವಾರ ಹೆಂಡತಿಯ ತಮ್ಮ ಚಿತ್ತಯ್ಯನನ್ನು ಕರೆದುಕೊಂಡು ಬಂದ. ನನಗೆ ಹಗ್ಗ ಬಿಡು ಎನ್ನಲಿಲ್ಲ, ಹಿಡಿ ಎಂದೂ ಅನ್ನಲಿಲ್ಲ. ನಾನು ಕಲ್ಲು ಹೊರುವ ಆಳುಗಳ ಜೊತೆ ಸೇರಿಕೊಂಡೆ. ಒಂದು ಮಧ್ಯಾಹ್ನ ಬಾವಿಯ ಅಂಚಿನಲ್ಲಿ ಕಲ್ಲು ಎತ್ತುತ್ತಿದ್ದೆ. ಕೆಳಗಿನಿಂದ "ಹಗ್ಗಾ?" ಎಂದು ಕೇಳಿಸಿತು. ಎಷ್ಟೋ ವರ್ಷದ ಅಭ್ಯಾಸ, ಚಿತ್ತಯ್ಯನಿಗಿಂತ ಮೊದಲೇ ನನ್ನ ಬಾಯಿ "ಐತೆ" ಎಂದಿತು.

ಜುಂಜ ಎರಡನೆಯ ಸಲ ಕೂಗಲಿಲ್ಲ, ಬೆಂಕಿಕಡ್ಡಿ ಗೀರಲಿಲ್ಲ. ಆಮೇಲೆ, "ಚಿತ್ತಯ್ಯಾ, ಹಗ್ಗಾ?" ಎಂದು ಹೆಸರು ಹಿಡಿದು ಮೊದಲಿನಿಂದ ಶುರು ಮಾಡಿದ.

ಆ ಬೇಸಿಗೆಯ ಇಳಿಹೊತ್ತಿನಲ್ಲಿ ನನ್ನ ದನಿಯಲ್ಲಿ ಉತ್ತರ ಕೊಟ್ಟವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ದನಿಯನ್ನು ನಂಬಿ ನನ್ನ ತಮ್ಮ ಬೆಂಕಿ ಹಚ್ಚಿದ್ದ. ನಾನೇ ಬಾಯಿಬಿಟ್ಟು "ಐತೆ" ಎಂದಾಗ ಹಚ್ಚಲಿಲ್ಲ.