ಗಾಳಿ ಮುಟ್ಟದ ಮುಖ

ಫೆಬ್ರವರಿಯ ಎರಡನೇ ಶನಿವಾರ, ಬೆಳಗ್ಗೆ ಆರೂವರೆ. ಸೂರತ್‌ನ ಉಧ್ನಾ ನಿಲ್ದಾಣದಲ್ಲಿ ನಾನು ಮತ್ತು ತಮ್ಮನ ಮಗಳು ಮೇಘಾ, ಇಬ್ಬರೇ. ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಮೇಘಾ ಸೂರತ್‌ನಲ್ಲೇ ಬೆಳೆದ ಸಂಶೋಧಕಿ. ಅವಳ ಮಡಿಲಲ್ಲಿ ಬಿಗಿಯಾಗಿ ಮುಚ್ಚಿದ ಉಕ್ಕಿನ ಡಬ್ಬಿಯಿತ್ತು. ಅದರೊಳಗೆ ಟೈಟಾನಿಯಂ ಮತ್ತು ಗಂಧಕ ಕೂಡಿದ, ಕೊತ್ತಂಬರಿ ಕಾಳಿನಷ್ಟು ಪುಟ್ಟ ಹರಳು. ಅವಳು ಕುಲುಮೆಯಲ್ಲಿ ಬೆಳೆಸಿದ ಮೂರರಲ್ಲಿ ಎರಡು ಕೆಟ್ಟಿದ್ದವು. ವಡೋದರಾದ ಯಂತ್ರ ಆ ದಿನ ಸಂಜೆ ನಾಲ್ಕರವರೆಗೆ ಮಾತ್ರ ಅವಳದು. ಇದೂ ಕೆಟ್ಟರೆ ಪ್ರಬಂಧ ಒಂದು ವರ್ಷ ಹಿಂದಕ್ಕೆ.

ರೈಲಿನಲ್ಲಿ ಎದುರಿನ ಹೆಂಗಸು ಮೆಂತ್ಯದ ರೊಟ್ಟಿ ಥೇಪ್ಲಾ, ಮಾವಿನ ಸಿಹಿ ಉಪ್ಪಿನಕಾಯಿ ಛುಂದೋ ಕೊಟ್ಟು, ವಜ್ರ ಇರಬಹುದೆಂದು ಡಬ್ಬಿಯತ್ತ ಕಣ್ಣು ಹಾಯಿಸಿ, "ಹೀರಾ ಹೈ ಕ್ಯಾ?" ಎಂದಳು. ಮೇಘಾ ನನ್ನ ಕಡೆ ಬಾಗಿ, "ಹೀರಾ ಆಗಿದ್ರ ಇಷ್ಟು ಟೆನ್ಶನ್ ಇರ್ತಿರಲಿಲ್ಲ ಅತ್ತಿ" ಎಂದಳು. ಭರೂಚ್ ಬಳಿ ಮಂಜಿನಡಿ ನರ್ಮದೆ ಅಗಲವಾಗಿ ಮಲಗಿತ್ತು. ಎರಡು ತಾಸಿನಲ್ಲಿ ವಡೋದರಾ. ಅಲ್ಲಿಂದ ಪ್ರಯೋಗಾಲಯಕ್ಕೆ ಆಟೋ.

ಯಂತ್ರವೆಂದರೆ ಗುಂಡಗಿನ ಗಾಜಿನ ಕಿಟಕಿಗಳುಳ್ಳ ಉಕ್ಕಿನ ದೊಡ್ಡ ಪೀಪಾಯಿ. ಪಂಪುಗಳು ಎಡೆಬಿಡದೆ ಅದರೊಳಗಿನ ಗಾಳಿಯನ್ನು ಹೀರುತ್ತಿದ್ದವು. ಅದನ್ನು ನೋಡಿಕೊಳ್ಳುವ ಹಾರ್ದಿಕ್‌ಭಾಯಿ ನನ್ನ ಕೆಲಸ ಕೇಳಿ ತಿಳಿದು, ಗುಜರಾತಿಯಲ್ಲಿ ಅತ್ತೆ ಎಂದೇ ಕರೆದು, "ಫೋಯಿ, ಆಪ್‌ ಕೇ ಯಹಾಂ ಕೀಟಾಣು ದುಶ್ಮನ್, ಹಮಾರೇ ಯಹಾಂ ಹವಾ" ಎಂದು ನಕ್ಕರು. ಜೀವಮಾನವಿಡೀ ಕ್ರಿಮಿಯನ್ನು ದೂರವಿಟ್ಟ ನನಗೆ, ಉಸಿರಾಡುವ ಗಾಳಿಯೇ ಕೊಳೆ ಎಂಬ ಮಾತು ಹೊಸದಾಗಿತ್ತು.

"ಎಕ್ಸ್‌ರೇ ಬಿದ್ರ ಹರಳಿನಿಂದ ಎಲೆಕ್ಟ್ರಾನ್ ಹಾರಿ ಹೊರಗ ಬರ್ತಾವ" ಎಂದಳು ಮೇಘಾ. "ಅವುಗಳ ಶಕ್ತಿ ಅಳೆದ್ರ, ಒಳಗ ಹ್ಯಾಂಗ ಇದ್ದವು ಗೊತ್ತಾಗತದ. ಆದ್ರ ಮ್ಯಾಲಿನ ಕೆಲವೇ ಪದರದ್ದು. ಸರ್ಫೇಸ್ ಗಂದಾ ಇದ್ರ ಎಲ್ಲಾ ಖತಂ."

ಅದಕ್ಕೆ ಹರಳನ್ನು ಗಾಳಿಯಿಲ್ಲದ ಪೀಪಾಯಿಯೊಳಗೇ ಸೀಳಬೇಕು. ಹರಳಿನ ನೆತ್ತಿಗೆ ಪುಟ್ಟ ಗೂಟವೊಂದನ್ನು ಅಂಟಿಸಿರುತ್ತಾರೆ. ಹೊರಗಿನಿಂದ ಆಡಿಸುವ ಸರಳಿನಿಂದ ಅದನ್ನು ತಟ್ಟಿದರೆ ಮೇಲಿನ ಪದರ ಕಿತ್ತು, ಹೊಸ ಮುಖ ಕಾಣಬೇಕು. ಹಿಂದಿನ ಎರಡರಲ್ಲಿ ಅಂಟು ಬಿಟ್ಟು ಗೂಟವಷ್ಟೇ ಬಿದ್ದಿತ್ತು.

ಹರಳು ಒಳಗೆ ಸೇರಿ, ಪಂಪುಗಳು ಗಾಳಿ ಹೀರಿ ಮುಗಿಸಿದ ಮೇಲೆ ಮೇಘಾ ತಟ್ಟಿದಳು. ಗೂಟ ಅಲುಗಲಿಲ್ಲ. ಮತ್ತೆ ತಟ್ಟಿದಳು. ಕೈ ನಿಂತೇಹೋಯಿತು.

"ಬೇನ್, ಮಚ್ಛರ್ ಮಾರ್ ರಹೀ ಹೋ ಕ್ಯಾ? ಜೋರ್ ಸೇ!" ಸೊಳ್ಳೆ ಹೊಡೆಯುತ್ತೀಯಾ ಎಂದು ಹಾರ್ದಿಕ್‌ಭಾಯಿ ಕೆಣಕಿದರು.

"ನಿಮ್ದಲ್ಲಲ್ಲ ಹರಳು!" ಎಂದು ಅವರ ಮೇಲೆ ಕನ್ನಡದಲ್ಲೇ ರೇಗಿ, ಅದೇ ಸಿಟ್ಟಿನಲ್ಲಿ ಹೊಡೆದಳು. ಗೂಟ ಹಾರಿತು.

"ಅತ್ತಿ, ನೀವೇ ನೋಡ್ರಿ. ನನಗ ಆಗಂಗಿಲ್ಲ."

ನಾನು ಕಿಟಕಿಗೆ ಕಣ್ಣು ಹಚ್ಚಿದೆ. ಹಿತ್ತಾಳೆ ಬಣ್ಣದ ಕನ್ನಡಿಯೊಂದು ಬೆಳಕನ್ನು ನೇರ ನನ್ನ ಕಣ್ಣಿಗೆ ಎಸೆಯಿತು. ಹುಟ್ಟಿದಂದಿನಿಂದ ಗಾಳಿಯನ್ನೇ ಕಾಣದ ಮುಖ ಅದು. ಅದನ್ನು ನೋಡಿದ ಮೊದಲ ಕಣ್ಣು ನನ್ನದು.

"ಏನಾತ್ರಿ?"

"ಸೀಳೇತವ್ವಾ. ಹೊಳೀಲಿಕತ್ತದ."

ಪರದೆಯ ಮೇಲೆ ಗೆರೆ ಮೂಡಿತು. ಟೈಟಾನಿಯಂ, ಗಂಧಕದ ಶಿಖರಗಳು ನೆಟ್ಟಗೆ ನಿಂತವು. ಆಮ್ಲಜನಕದ ಜಾಗದಲ್ಲಿ ಬರೀ ಬಯಲು, ಗಾಳಿಯ ಕೊಳೆ ತಗಲಿಲ್ಲವೆಂಬ ಗುರುತು. ಮೇಘಾ ಊಟ ಬಿಟ್ಟು ಅಳೆದಳು. ಮೂರೂವರೆಯ ಹೊತ್ತಿಗೆ ಆ ಬಯಲಿನಲ್ಲೂ ಸಣ್ಣ ದಿಬ್ಬ ಏಳತೊಡಗಿತು. ಆ ಶೂನ್ಯದಲ್ಲೂ ಉಳಿದ ಚೂರುಪಾರು ಅನಿಲ ಬಂದು ಕೂರುತ್ತಿತ್ತು.

"ಬಸ್. ಬೇಕಾದದ್ದು ಸಿಕ್ತು" ಎಂದಳು. ಅಳತೆಯ ಪ್ರತಿ ತೆಗೆದು, ಹರಳನ್ನು ಪೀಪಾಯಿಗೆ ಹೊಂದಿಕೊಂಡ ಹೊರಗಿನ ಪುಟ್ಟ ಕೋಣೆಗೆಳೆದು, ನಡುವಿನ ಬಾಗಿಲು ಭದ್ರಪಡಿಸಿ, ಗಾಳಿ ಒಳಬಿಡುವ ತಿರುಪನ್ನು ಮೆಲ್ಲಗೆ ಬಿಚ್ಚಿದಳು. ಆ ಮುಖಕ್ಕೆ ಮೊದಲ ಸಲ ಗಾಳಿ ತಗಲಿತು.